ಮೊದಲೇ ತುಂಬಿಸಿಟ್ಟ ವರದಿ

ಆಗಸ್ಟ್ ಹತ್ತೊಂಬತ್ತು, ಮಂಗಳವಾರ. ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಪುತ್ತೂರಿನ ನಮ್ಮ ಆಸ್ಪತ್ರೆಯ ಎರಡನೇ ಮಹಡಿಯ ಎಂಡೋಸ್ಕೋಪಿ ಕೊಠಡಿ. ಹಾಜರಿದ್ದವರು: ಮಂಗಳೂರಿನಿಂದ ವಾರಕ್ಕೊಮ್ಮೆ ಬರುವ ಮಕ್ಕಳ ಹೊಟ್ಟೆ ಮತ್ತು ಕರುಳಿನ ವೈದ್ಯೆ ಡಾ. ಶ್ಯಾಮಲಾ, ಅರಿವಳಿಕೆ ಕೊಡುವ ಡಾ. ಭಟ್, ಸಿಸ್ಟರ್ ಫ್ಲೇವಿಯಾ ಮತ್ತು ಕೊಠಡಿಯ ಉಸ್ತುವಾರಿ ತಂತ್ರಜ್ಞನಾಗಿದ್ದ ನಾನು. ಮೇಜಿನ ಮೇಲೆ ಕಡಬದ ರಿಫಾ. ವಯಸ್ಸು ಹನ್ನೊಂದು, ತೂಕ ಇಪ್ಪತ್ತೆರಡು ಕಿಲೊ. ಆರು ತಿಂಗಳ ಹಿಂದೆ ಇದೇ ಮೇಜಿನ ಮೇಲೆ ಮಲಗಿದ್ದಾಗ ಇಪ್ಪತ್ತಾರು ಕಿಲೊ ಇದ್ದಳು. ಕರುಳಿನ ಒಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವ ಕೊಲೊನೋಸ್ಕೋಪಿ ಅವಳಿಗೆ ಇದು ಎರಡನೇ ಸಲ. ಎರಡನೇ ಸಲ ಬೇಕಾದದ್ದು ನನ್ನ ತಪ್ಪಿನಿಂದ.

ಈಗ ನಾನು ನಿವೃತ್ತ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಂತ್ರ ನಡೆಸುವುದನ್ನು ಕಂಪನಿಯವರು ಬಂದು ಕಲಿಸುತ್ತಾರೆ. ಕೊಳವೆ ತೊಳೆಯುವ ಕ್ರಮ ಗೋಡೆಯ ಮೇಲೆಯೇ ಅಂಟಿಸಿರುತ್ತದೆ. ಆದರೆ ಮಾಡಿದ ಕೆಲಸ ಸರಿಯಾಗಿ ಆಯಿತೋ ಇಲ್ಲವೋ ಎಂದು ಅಳೆಯುವುದು ಹೇಗೆ ಎಂಬುದನ್ನು ನನಗೆ ಯಾರೂ ಮೊದಲೇ ಕಲಿಸಿರಲಿಲ್ಲ. ನಾನು ತಡವಾಗಿ ಕಲಿತೆ. ನೀವು ತಡ ಮಾಡಬೇಡಿ.

ನನ್ನ ಊರು ಮಂಡೆಕೋಲು. ಹದಿನೇಳು ವರ್ಷ ಸೇನೆಯ ಆಸ್ಪತ್ರೆಗಳಲ್ಲಿ ನರ್ಸಿಂಗ್ ಸಹಾಯಕನಾಗಿದ್ದು ಬಂದು ಪುತ್ತೂರಿನಲ್ಲಿ ಕೆಲಸಕ್ಕೆ ಸೇರಿದೆ. ಇಲ್ಲಿ ಎಲ್ಲರೂ ನನ್ನನ್ನು ಹವಾಲ್ದಾರ್ರು ಎಂದೇ ಕರೆಯುತ್ತಿದ್ದರು. ನಾಳೆಯ ಕೆಲಸಕ್ಕೆ ಇಂದೇ ಸಿದ್ಧನಾಗುವುದು ಸೇನೆಯಲ್ಲಿ ಮೈಗೂಡಿದ ಅಭ್ಯಾಸ. ಅಭ್ಯಾಸ ಒಳ್ಳೆಯದೇ. ಅದನ್ನು ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯದೆ ಹೋದದ್ದು ನನ್ನ ದೋಷ.

ನಾನು ಸೇರಿದಾಗ ಇದ್ದ ಹಿರಿಯ ಸರ್ಜನ್ ಗಡಿಯಾರ ನೋಡಿ ಕೆಲಸ ಮಾಡುವವರು. ಆಗ ಬರುತ್ತಿದ್ದವರು ಹೆಚ್ಚಾಗಿ ದೊಡ್ಡವರು. ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಬೇಕು. ಒಂದು ಬೆಳಿಗ್ಗೆ ಹನ್ನೆರಡು ಜನರನ್ನು ಮುಗಿಸಿದೆವು ಎಂದು ಕ್ಯಾಂಟೀನಿನಿಂದ ಎಲ್ಲರಿಗೂ ಗೋಳಿಬಜೆ ತರಿಸಿದ್ದರು. ಬೇಗ ಮುಗಿದರೆ ಚೆನ್ನಾಗಿ ಮುಗಿಯಿತು ಎಂದೇ ನಾನು ಬಹಳ ಕಾಲ ನಂಬಿದ್ದೆ. ಹೊಸಬರು ಬಂದರೆ ಅವರಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ.

ಡಾ. ಶ್ಯಾಮಲಾ ಬಂದ ಮೊದಲ ಮಂಗಳವಾರವೇ ಆ ನಂಬಿಕೆಗೆ ಏಟು ಬಿತ್ತು. ಅಂದು ನಾಲ್ಕು ಮಕ್ಕಳಿದ್ದರು. ಹೆಸರು ಬರೆಸಿದ ಕ್ರಮದಲ್ಲೇ ನಾನು ಪಟ್ಟಿ ಮಾಡಿದ್ದೆ. ಕೊನೆಯ ಮಗುವಿಗೆ ಎರಡು ವರ್ಷ. ಅದರ ಸರದಿ ಬರುವಾಗ ಗಂಟೆ ಹನ್ನೊಂದೂವರೆ. ಮಗು ಎಷ್ಟು ಹೊತ್ತಿನಿಂದ ಹಸಿದಿದೆ ಎಂದು ಅವರು ಕೇಳಿದರು. ಹಿಂದಿನ ರಾತ್ರಿ ಎಂಟರಿಂದ ಎಂದೆ, ನಿಯಮ ಪಾಲಿಸಿದ ಹೆಮ್ಮೆಯಲ್ಲಿ. ಅವರು ಗದರಲಿಲ್ಲ. ನನ್ನ ಪಟ್ಟಿಯನ್ನು ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಅಂಕಿ ಹಾಕಿ ಕೊಟ್ಟರು. ಅಂದಿನಿಂದ ಅತಿ ಸಣ್ಣವರು ಮೊದಲು. ಎಷ್ಟು ಹೊತ್ತಿಗೆ ಕೊನೆಯ ಊಟ, ಎಷ್ಟು ಹೊತ್ತಿಗೆ ಕೊನೆಯ ಗುಟುಕು ನೀರು, ಎಷ್ಟು ಹೊತ್ತಿಗೆ ಅರಿವಳಿಕೆ, ಮೂರನ್ನೂ ಬರೆಯತೊಡಗಿದೆವು. ಬರೆದ ಮೇಲೆಯೇ ನಮಗೆ ಗೊತ್ತಾದದ್ದು, ನಾವು ಮಕ್ಕಳನ್ನು ಅಗತ್ಯಕ್ಕಿಂತ ಎಷ್ಟು ಹೆಚ್ಚು ಹಸಿವೆಯಲ್ಲಿ ಇಡುತ್ತಿದ್ದೆವು ಎಂದು.

ಕೊಯಿಲದ ಐದು ವರ್ಷದ ಹುಡುಗಿಯೊಬ್ಬಳು ಕೀ ನುಂಗಿದ ಪ್ರಸಂಗವನ್ನೂ ಹೇಳಬೇಕು. ಗಲ್ಫಿನಿಂದ ರಜೆಯಲ್ಲಿ ಬಂದ ಮಾವನ ಸೂಟ್‌ಕೇಸಿನ ಸಣ್ಣ ಕೀ ಅದು. ಬೆಳಿಗ್ಗೆಯ ಎಕ್ಸ್‌ರೇಯಲ್ಲಿ ಕೀ ಹೊಟ್ಟೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮಧ್ಯಾಹ್ನ ಅರಿವಳಿಕೆ ಕೊಟ್ಟು ಕೊಳವೆ ಇಳಿಸಿದೆವು. ಹೊಟ್ಟೆ ಖಾಲಿ. ಕೀ ಅಷ್ಟರಲ್ಲೇ ಕೆಳಗೆ ಇಳಿದು ಹೋಗಿತ್ತು. ಒಂದು ಮಗುವಿಗೆ ಸುಮ್ಮನೆ ಅರಿವಳಿಕೆ ಕೊಟ್ಟ ಹಾಗಾಯಿತು. ಹೊರಗೆ ಕಾಯುತ್ತಿದ್ದ ಮಾವ ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, "ಕೀ ಸಿಕ್ಕಿದ್ರೆ ಕೊಡಿ ಮಾರಾಯ್ರೆ, ಪೆಟ್ಟಿಗೆ ತೆರಿಲಿಕ್ಕೆ ಬೇರೆ ದಾರಿ ಇಲ್ಲ," ಎಂದ. ಮರುದಿನ ಕೀ ತಾನಾಗಿ ಹೊರಗೆ ಬಂತು. ಮಾವ ಅದನ್ನು ತೊಳೆದು ಬಳಸಿದನೋ ಬೀಗ ಒಡೆದನೋ ನನಗೆ ತಿಳಿಯದು. ಅಂದಿನಿಂದ ನಮ್ಮ ಪುಸ್ತಕದಲ್ಲಿ ಒಂದು ಹೊಸ ಕಾಲಂ ಬಂತು: ಇದನ್ನು ಈಗ ಮಾಡಲೇಬೇಕಾದ ಕಾರಣವೇನು? ಅರಿವಳಿಕೆ ಕೊಡುವ ಮುಂಚೆ ಅದನ್ನು ತುಂಬಬೇಕು. ತುಂಬಲು ಆಗದಿದ್ದರೆ ಮಗು ಮೇಜು ಹತ್ತುವಂತಿಲ್ಲ.

ಮೂರನೆಯದು ಪುನರ್ಪುಳಿಯ, ಅಂದರೆ ಕೋಕಂ ಹಣ್ಣಿನ ಕಥೆ. ಕೊಲೊನೋಸ್ಕೋಪಿಗೆ ಮೊದಲು ಕರುಳು ಸ್ವಚ್ಛವಾಗಬೇಕು. ಅದಕ್ಕೆ ಒಂದು ಪುಡಿಯನ್ನು ನೀರಿಗೆ ಹಾಕಿ ಲೋಟಗಟ್ಟಲೆ ಕುಡಿಸಬೇಕು, ಜೊತೆಗೆ ಗಸಿ ಇಲ್ಲದ ಪಾನೀಯಗಳನ್ನು ಮಾತ್ರ ಕೊಡಬೇಕು. ಸುಳ್ಯದ ಕಡೆಯ ಒಬ್ಬ ಅಜ್ಜಿ ಮೊಮ್ಮಗನಿಗೆ ಇಡೀ ದಿನ ಪುನರ್ಪುಳಿ ಶರಬತ್ತು ಕುಡಿಸಿ ಕರೆತಂದಿದ್ದರು. ಹೊಟ್ಟೆಗೆ ತಂಪು, ಬಟ್ಟೆಯಲ್ಲಿ ಸೋಸಿದ್ದು, ಗಸಿ ಒಂದು ಚೂರೂ ಇಲ್ಲ. ಅಜ್ಜಿಯ ಕಡೆಯಿಂದ ತಪ್ಪೇ ಇಲ್ಲ. ಒಳಗೆ ನೋಡಿದರೆ ಕರುಳಿಡೀ ಕೆಂಪು. ರಕ್ತ ಎಂದುಕೊಂಡು ಡಾ. ಶ್ಯಾಮಲಾ ಅರೆಗಳಿಗೆ ಕೈ ತಡೆದರು. ಫ್ಲೇವಿಯಾ ಹೀರಿ ತೆಗೆದ ದ್ರವವನ್ನು ಬೆಳಕಿಗೆ ಹಿಡಿದು, "ಇದು ರಕ್ತ ಅಲ್ಲ ಮೇಡಂ, ನಮ್ಮ ಮನೇಲಿ ದಿನಾ ಕುಡಿಯುದು," ಎಂದಳು. ನಾವು ಕೊಟ್ಟ ಸೂಚನೆಯ ಹಾಳೆಯಲ್ಲಿ ಬಾರ್ಲಿ ನೀರು, ಸೇಬಿನ ರಸ ಎಂದೆಲ್ಲ ಇತ್ತೇ ಹೊರತು ಪುನರ್ಪುಳಿಯ ಹೆಸರೇ ಇರಲಿಲ್ಲ. ಆ ಹಾಳೆ ಬೇರೆ ಊರಿನವರು ಬರೆದದ್ದು. ಅದೇ ವಾರ ನಾನು ಹೊಸ ಹಾಳೆ ಬರೆದೆ. ಎಳನೀರು ಆಗುತ್ತದೆ. ಪುನರ್ಪುಳಿ, ಬೀಟ್‌ರೂಟ್, ಕೆಂಪು ಬಣ್ಣದ ಯಾವುದೂ ಆಗುವುದಿಲ್ಲ.

ಇಷ್ಟೆಲ್ಲ ಕಲಿತವನು ದೊಡ್ಡ ತಪ್ಪು ಮಾಡಿದ್ದು ಹೇಗೆ ಎಂದು ನೀವು ಕೇಳಬಹುದು.

ವರದಿಗಳನ್ನು ಕೈಯಲ್ಲಿ ಬರೆಯುವುದು ನಿಂತು ಕಂಪ್ಯೂಟರ್ ಬಂದಾಗ ಅದರ ನಮೂನೆ ತಯಾರಿಸಿದವನು ನಾನು. ಕರುಳಿನ ಒಂದೊಂದು ಭಾಗಕ್ಕೂ ಒಂದೊಂದು ಸಾಲು. ಹೆಚ್ಚಿನ ಮಕ್ಕಳಲ್ಲಿ ಹೆಚ್ಚಿನ ಭಾಗಗಳು ಸರಿಯಾಗಿಯೇ ಇರುತ್ತವೆ. ಪ್ರತಿ ಸಲ ಅದನ್ನೇ ಟೈಪ್ ಮಾಡುವುದೇಕೆ ಎಂದು ಎಲ್ಲ ಸಾಲುಗಳಲ್ಲೂ 'ನಾರ್ಮಲ್' ಎಂದು ಮೊದಲೇ ತುಂಬಿಸಿಟ್ಟೆ. ತೊಂದರೆ ಕಂಡ ಜಾಗವನ್ನು ಮಾತ್ರ ಬದಲಿಸಿದರೆ ಸಾಕು. ಹಿಂದಿನ ದಿನ ಸಂಜೆಯೇ ಮಗುವಿನ ಹೆಸರು, ವಯಸ್ಸು ಹಾಕಿ ವರದಿ ಸಿದ್ಧವಾಗಿರುತ್ತಿತ್ತು. ಮಗು ಮನೆಗೆ ಹೊರಡುವ ಮೊದಲೇ ಅಪ್ಪ ಅಮ್ಮನ ಕೈಯಲ್ಲಿ ವರದಿ. ಆಡಳಿತ ಕಚೇರಿಯವರು ಬೇರೆ ವಿಭಾಗದವರನ್ನು ಕರೆತಂದು ನನ್ನ ನಮೂನೆಯನ್ನು ತೋರಿಸಿದ್ದೂ ಉಂಟು.

ಫೆಬ್ರವರಿಯಲ್ಲಿ ರಿಫಾ ಬಂದಳು. ಕಡಬ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿರುವ ಹಮೀದ್ ಮತ್ತು ಅವರ ಹೆಂಡತಿ ಝೊಹರಾ ಅವರ ಮಗಳು. ಹೊಟ್ಟೆನೋವು, ಊಟ ಸೇರುವುದಿಲ್ಲ, ಬೆಳವಣಿಗೆ ನಿಂತಿದೆ. ಕರುಳು ಸ್ವಚ್ಛಗೊಳಿಸುವ ದ್ರವವನ್ನು ಅವಳು ಅರ್ಧವೂ ಕುಡಿದಿರಲಿಲ್ಲ. ಕೊಳವೆ ದೊಡ್ಡ ಕರುಳಿನ ತುದಿಯವರೆಗೆ ಹೇಗೋ ಹೋಯಿತು. ಸಣ್ಣ ಕರುಳಿನ ಕೊನೆಯ ಭಾಗ ಅಲ್ಲಿಂದಲೇ ಶುರು, ನಡುವೆ ತುಟಿಯಂಥ ಒಂದು ಬಾಗಿಲು. ಅಲ್ಲಿಗೆ ತಲುಪಿದಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದೆ, ಸಾಕು ಮಾಡಿ ಎಂದರು ಡಾ. ಭಟ್. ಡಾ. ಶ್ಯಾಮಲಾ ಕೊಳವೆ ಹಿಂದಕ್ಕೆ ಎಳೆದರು. ಒಳಗೆ ಹೋಗಲಾಗಲಿಲ್ಲ, ವರದಿಯಲ್ಲಿ ಹಾಕಿ ಎಂದರು. ನಾನು ಮಗುವನ್ನು ಮಗ್ಗುಲಿಗೆ ತಿರುಗಿಸುವುದರಲ್ಲಿದ್ದೆ. ಹಾಕುತ್ತೇನೆ ಎಂದೆ. ಹಾಕಲಿಲ್ಲ. ಮುಂದಿನ ಮಗು ಬಂತು. ಸಂಜೆ ಅಂದಿನ ಎಲ್ಲ ವರದಿಗಳನ್ನೂ ಒಟ್ಟಿಗೆ ಅವರ ಮುಂದಿಟ್ಟೆ. ಅವರು ಸಹಿ ಹಾಕಿದರು. ರಿಫಾಳ ಹಾಳೆಯಲ್ಲಿ 'ಸಣ್ಣ ಕರುಳಿನ ಕೊನೆಯ ಭಾಗ: ನಾರ್ಮಲ್' ಎಂದಿತ್ತು.

ಐದು ತಿಂಗಳು ಇದು ಯಾರಿಗೂ ತಿಳಿಯಲಿಲ್ಲ.

ಜುಲೈ ಕೊನೆಯ ಮಂಗಳವಾರ ಡಾ. ಶ್ಯಾಮಲಾ ಒಂದು ಲೆಕ್ಕ ಕೇಳಿದರು. ನಮ್ಮಲ್ಲಿಗೆ ಕೊಲೊನೋಸ್ಕೋಪಿಗೆ ಬಂದ ಮಕ್ಕಳಲ್ಲಿ ಎಷ್ಟು ಜನರಲ್ಲಿ ಸಣ್ಣ ಕರುಳಿನ ಒಳಗೆ ಹೋಗಿ ನೋಡಿದ್ದೇವೆ? ಮಕ್ಕಳ ಕೆಲಸದಲ್ಲಿ ಇದೊಂದು ಮುಖ್ಯ ಅಳತೆ. ಮಕ್ಕಳ ಕೆಲವು ಕಾಯಿಲೆಗಳು ಅಡಗಿ ಕೂರುವುದೇ ಅಲ್ಲಿ. ನಾನು ವರದಿಗಳನ್ನು ನೋಡಿ ಹತ್ತೇ ನಿಮಿಷದಲ್ಲಿ ಉತ್ತರ ಕೊಟ್ಟೆ: ಎಲ್ಲರಲ್ಲೂ.

ಅವರು ಚಹಾದ ಲೋಟ ಕೆಳಗಿಟ್ಟರು. "ಎಲ್ಲರಲ್ಲೂ ಅಂದ್ರೆ ನಾನು ನಂಬುದಿಲ್ಲ ಹವಾಲ್ದಾರ್ರೆ. ನನ್ನ ಕೈ ಎಂತದ್ದು ಅಂತ ನನಗೆ ಗೊತ್ತುಂಟು."

ಅಂದು ಮಧ್ಯಾಹ್ನ ಊಟದ ನಂತರ ಮೂವರೂ ಕಂಪ್ಯೂಟರ್ ಮುಂದೆ ಕುಳಿತೆವು. ಫ್ಲೇವಿಯಾ ಹೆಸರು ಓದುವುದು, ನಾನು ಆ ಮಗುವಿನ ಫೋಟೊಗಳನ್ನು ತೆರೆಯುವುದು, ಡಾ. ಶ್ಯಾಮಲಾ ನೋಡುವುದು. ನಿಯಮ ಒಂದೇ: ಫೋಟೊ ಇದ್ದರೆ ಹೋಗಿದ್ದೇವೆ, ಇಲ್ಲದಿದ್ದರೆ ಹೋಗಿಲ್ಲ. ನೆನಪಿಗೆ ಬೆಲೆ ಇಲ್ಲ. ಏಳು ಹೆಸರುಗಳ ಎದುರು ಫೋಟೊ ಇರಲಿಲ್ಲ. ಏಳರಲ್ಲೂ ವರದಿ ನಾರ್ಮಲ್ ಎಂದೇ ಹೇಳುತ್ತಿತ್ತು. ಐದನೇ ಹೆಸರಿಗೆ ಫ್ಲೇವಿಯಾ, "ಹವಾಲ್ದಾರ್ರೆ, ಇದನ್ನು ಬರ್ದದ್ದು ನಿಮ್ಮ ಕಂಪ್ಯೂಟರಾ ನೀವಾ?" ಎಂದು ನಕ್ಕಳು. ಆರನೆಯದಕ್ಕೆ ಅವಳೂ ನಗಲಿಲ್ಲ.

ಅಂದೇ ಸಂಜೆ ಏಳು ಮನೆಗಳಿಗೂ ಫೋನ್ ಮಾಡಿದೆವು. ಆರು ಮಕ್ಕಳು ಬೇರೆ ಕಾರಣಕ್ಕೆ ಬಂದವರು, ಈಗ ಚೆನ್ನಾಗಿದ್ದರು. ಅವರ ವರದಿಗಳನ್ನು ತಿದ್ದಿ ಕಳುಹಿಸಿದೆವು. ಏಳನೆಯದು ರಿಫಾ. ಫೋನ್ ಎತ್ತಿದ ಝೊಹರಾ, ಮಗಳಿಗೆ ಹೊಟ್ಟೆನೋವು ಹಾಗೆಯೇ ಇದೆ, ಬಟ್ಟೆಗಳೆಲ್ಲ ದೊಗಲೆಯಾಗಿವೆ ಎಂದರು. ಇನ್ನೊಮ್ಮೆ ನೋಡಬೇಕು, ಕರೆತನ್ನಿ ಎಂದೆ. ಆಗ ಹಮೀದ್ ಫೋನ್ ತೆಗೆದುಕೊಂಡು, ಎಲ್ಲ ಸರಿ ಇದೆ ಎಂದು ಬರೆದುಕೊಟ್ಟವರು ನೀವೇ, ಇನ್ನೊಮ್ಮೆ ಪ್ರಜ್ಞೆ ತಪ್ಪಿಸಲು ಬಿಡುವುದಿಲ್ಲ ಎಂದು ಫೋನ್ ಇಟ್ಟುಬಿಟ್ಟರು.

ಆಡಳಿತಾಧಿಕಾರಿ ನಮಗೊಂದು ಉಪಾಯ ಹೇಳಿದರು. ಹೊಸ ಯಂತ್ರ ಬಂದಿದೆ, ಅದರಲ್ಲಿ ಉಚಿತವಾಗಿ ನೋಡಿಕೊಡುತ್ತೇವೆ ಎಂದರೆ ಬರುತ್ತಾರೆ, ಹೆಚ್ಚು ವಿವರಿಸುವ ಅಗತ್ಯವಿಲ್ಲ. ಡಾ. ಶ್ಯಾಮಲಾ ನನ್ನ ಮುಖ ನೋಡಿದರು. ಸಹಿ ಅವರದ್ದು, ನಮೂನೆ ನನ್ನದು. ನಾಳೆ ನಾನೇ ಕಡಬಕ್ಕೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬರುತ್ತೇನೆ ಎಂದೆ. ತಾನು ಫೋನಿನ ಬಳಿಯೇ ಇರುತ್ತೇನೆ, ಅವರು ಕೇಳಿದರೆ ಯಾವ ಹೊತ್ತಿಗೂ ಮಾತನಾಡುತ್ತೇನೆ ಎಂದರು ಅವರು.

ಬುಧವಾರ ಆಲಂಕಾರು ಮಾರ್ಗವಾಗಿ ಹೋಗುವ ಬಸ್ಸಿನಲ್ಲಿ ಹೊರಟು ಮೂರು ಗಂಟೆಗೆ ಕಡಬದಲ್ಲಿ ಇಳಿದೆ. ಅಂಗಡಿಯಲ್ಲಿ ಹಮೀದ್ ಒಬ್ಬರೇ ಇದ್ದರು. ಗುರುತು ಹಿಡಿದು ಸ್ಟೂಲು ಕೊಟ್ಟರು. ಮುಖ ಬಿಗಿದೇ ಇತ್ತು.

"ಇನ್ನೆಂತ ನೋಡ್ಲಿಕ್ಕುಂಟು? ನಾರ್ಮಲ್ ಅಂತ ನೀವೇ ಬರ್ದದ್ದಲ್ವಾ?"

"ಬರ್ದದ್ದು ನಾನೇ ಹಮೀದ್ರೆ. ನೋಡದೆ ಬರ್ದದ್ದು."

ಅಷ್ಟರಲ್ಲಿ ಒಬ್ಬರು ಗಿರಾಕಿ ಬಂದರು. ಹಮೀದ್ ಎದ್ದು ಅವರಿಗೆ ಎರಡು ಜೊತೆ ಚಪ್ಪಲಿ ತೋರಿಸಿ, ಒಂದು ಮಾರಿ, ಮರಳಿ ಬಂದು ಕುಳಿತರು. ನಾನು ಎಲ್ಲವನ್ನೂ ಹೇಳಿದೆ. ಕೊಳವೆ ಎಲ್ಲಿಯವರೆಗೆ ಹೋಗಿತ್ತು, ಏಕೆ ನಿಂತಿತು, 'ನಾರ್ಮಲ್' ಎಂಬ ಮಾತು ಹಾಳೆಯ ಮೇಲೆ ಹೇಗೆ ಬಂತು. ಮುಗಿದ ಮೇಲೆ ಅವರು ಒಂದು ಖಾಲಿ ಪೆಟ್ಟಿಗೆಯ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದರು.

"ಆ ಹಾಳೆ ನೋಡಿ ನಾನು ಅವಳಿಗೆ ಎಷ್ಟು ಬೈದಿದ್ದೇನೆ ಗೊತ್ತುಂಟಾ ನಿಮಗೆ? ಶಾಲೆಗೆ ಹೋಗ್ಲಿಕ್ಕೆ ಉದಾಸೀನ ಆಗಿ ನಾಟಕ ಮಾಡುದು ಅಂತ. ಟೀಚರ್ರೂ ಅದನ್ನೇ ಹೇಳಿದ್ರು, ರಿಪೋರ್ಟು ನೋಡಿ. ಒಂದು ದಿನ ಕೈಯೂ ಎತ್ತಿದ್ದೇನೆ."

ತಪ್ಪಾಯಿತು ಎಂದೆ. ಆ ಮಾತು ಅವರಿಗೆ ಸಾಕಾಗಲಿಲ್ಲ, ಸಾಕಾಗಬೇಕಾಗಿಯೂ ಇರಲಿಲ್ಲ. ಅವರು ಎದ್ದು ಪಕ್ಕದ ಅಂಗಡಿಯವರಿಗೆ ನೋಡಿಕೊಳ್ಳಲು ಹೇಳಿ ಹೊರಟರು. "ಬನ್ನಿ. ಇದನ್ನು ಅವಳ ಹತ್ರ ನೀವೇ ಹೇಳ್ಬೇಕು."

ಮನೆ ಹಿಂದಿನ ಓಣಿಯಲ್ಲೇ ಇತ್ತು. ರಿಫಾ ಅಂದೂ ಶಾಲೆಗೆ ಹೋಗಿರಲಿಲ್ಲ. ಕಾಲು ಮಡಚಿ ಕುರ್ಚಿಯಲ್ಲಿ ಕುಳಿತು ಪಠ್ಯಪುಸ್ತಕಕ್ಕೆ ಬೈಂಡು ಹಾಕುತ್ತಿದ್ದಳು. ಮೊಣಕೈ ಎಷ್ಟು ಸಪೂರವಾಗಿತ್ತೆಂದರೆ ತಂತ್ರಜ್ಞನ ಕಣ್ಣಿಗೆ ತೂಕದ ಯಂತ್ರವೇ ಬೇಕಾಗಿರಲಿಲ್ಲ. ನಾನು ಅವಳಿಗೆ ಅರ್ಥವಾಗುವ ಹಾಗೆ ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟಳು.

"ಹಾಗಾದ್ರೆ ನಾನು ಸುಳ್ಳು ಹೇಳಿದ್ದಲ್ಲ ಅಂತ ಆಯ್ತಾ?"

ಹೌದು ಎನ್ನುವುದು ಸುಲಭವಿತ್ತು. ತಾಯಿ, ತಂದೆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಅದನ್ನು ಈಗ ಹೇಳ್ಲಿಕ್ಕೆ ನನಗೆ ಆಗುದಿಲ್ಲ ಮಗಾ. ನಾವು ಆ ಜಾಗ ನೋಡ್ಲೇ ಇಲ್ಲ. ನೋಡಿದ ಮೇಲೆ ಎಂತ ಉಂಟು ಅಂತ ನಿನಗೇ ಹೇಳ್ತೇನೆ."

ಝೊಹರಾ ಬೇಸರದಿಂದ, "ಅಷ್ಟು ಸಣ್ಣ ಮಗುವಿಗೆ ಅಷ್ಟೂ ಹೇಳ್ಲಿಕ್ಕೆ ಆಗುದಿಲ್ವಾ ನಿಮಗೆ?" ಎಂದರು.

"ಒಂದ್ಸಲ ನೋಡದೆ ಹೇಳಿ ಆಗಿದೆ ಅಲ್ವಾ ಅಮ್ಮ," ಎಂದೆ.

ಹಮೀದ್ ಅಲ್ಲಿಯೇ ಡಾ. ಶ್ಯಾಮಲಾರಿಗೆ ಫೋನ್ ಮಾಡಿಸಿದರು. ಅರಿವಳಿಕೆಯ ಬಗ್ಗೆ ಕೇಳಿದರು, ಮತ್ತೆ ಅರ್ಧಕ್ಕೆ ನಿಂತರೆ ಏನು ಮಾಡುತ್ತೀರಿ ಎಂದು ಕೇಳಿದರು. ಈ ಸಲ ರಿಫಾಳ ಹೆಸರು ಪಟ್ಟಿಯಲ್ಲಿ ಮೊದಲು, ಒಂದು ದಿನ ಮುಂಚೆಯೇ ದಾಖಲು, ಕರುಳು ಸ್ವಚ್ಛವಾಗದಿದ್ದರೆ ಅರಿವಳಿಕೆಯನ್ನೇ ಕೊಡುವುದಿಲ್ಲ ಎಂದರು ವೈದ್ಯೆ. ಸಹಿ ತನ್ನದೇ, ಓದದೆ ಹಾಕಿದೆ ಎಂದೂ ಹೇಳಿದರು. ಅದನ್ನು ಹೇಳಿ ಎಂದು ನಾನು ಕೇಳಿರಲಿಲ್ಲ. ಹಮೀದ್ ಹೆಂಡತಿಯ ಕಡೆ ನೋಡಿ ತಲೆಯಾಡಿಸಿದರು.

ಉಳಿದದ್ದು ಆ ದ್ರವ ಕುಡಿಯುವ ವಿಷಯ. ಕಳೆದ ಸಲ ರಿಫಾ ಲೋಟವನ್ನು ಬಚ್ಚಲಿಗೆ ಸುರಿದದ್ದು ಈಗ ಹೊರಗೆ ಬಂತು. ಎದುರು ಕುಳಿತು ಕುಡಿ ಕುಡಿ ಎಂದರೆ ತನಗೆ ವಾಂತಿ ಬರುತ್ತದೆ, ಉಮ್ಮ ಎದುರು ಕೂರಬಾರದು ಎಂದು ತಾಯಿಯನ್ನು ತೋರಿಸಿದಳು. ನಾನು ನೋಟ್ ಪುಸ್ತಕದ ಹಾಳೆಯಲ್ಲಿ ಗಂಟೆ, ಲೋಟ, ಗುರುತು ಎಂದು ಮೂರು ಕಾಲಂ ಎಳೆದು ಅವಳ ಕೈಗೆ ಕೊಟ್ಟೆ. ಯಾರೂ ನೋಡುವುದಿಲ್ಲ, ನೀನೇ ಕುಡಿದು ನೀನೇ ಗುರುತು ಹಾಕು ಎಂದೆ.

"ಕುಡಿದ ಮೇಲೆಯೇ ಹಾಕುದು," ಎಂದಳು ಅವಳು. "ನಿಮ್ಮ ಹಾಗೆ ಮೊದ್ಲೇ ಅಲ್ಲ."

ಹಮೀದ್ ಮೊದಲ ಸಲ ನಕ್ಕರು. ನನಗೆ ಸಿಕ್ಕ ಮೇಲ್ವಿಚಾರಕರಲ್ಲಿ ರಿಫಾಳಷ್ಟು ನೇರವಾಗಿ ಹೇಳಿದವರು ಬೇರೆ ಯಾರೂ ಇಲ್ಲ.

ಮಧ್ಯೆ ಅವಳಿಗೆ ಶೀತ ಜ್ವರ ಬಂತು. ಡಾ. ಭಟ್ ಅರಿವಳಿಕೆಗೆ ಒಪ್ಪದೆ ಎರಡು ವಾರ ಕಾಯಿಸಿದರು. ಆ ಎರಡು ವಾರಗಳಲ್ಲಿ ನಾನು ನಮೂನೆಯ ಎಲ್ಲ ಸಾಲುಗಳನ್ನೂ ಖಾಲಿ ಮಾಡಿದೆ. ಒಂದು ಸಾಲು ಖಾಲಿ ಉಳಿದರೂ ವರದಿ ಮುದ್ರಣವಾಗದಂತೆ ಕಂಪ್ಯೂಟರಿನ ಹುಡುಗನಿಂದ ಮಾಡಿಸಿದೆ. ಕೆಲಸ ನಿಧಾನವಾಯಿತು. ಆಡಳಿತ ಕಚೇರಿಯಿಂದ ದೂರೂ ಬಂತು. ನಿಧಾನವೇ ಇರಲಿ ಎಂದು ಬರೆದು ಕಳುಹಿಸಿದೆ.

ಹದಿನೆಂಟರ ಸೋಮವಾರ ರಿಫಾ ದಾಖಲಾದಳು. ಮಂಗಳವಾರ ಬೆಳಿಗ್ಗೆ ನನ್ನ ಕೈಗೆ ಹಾಳೆ ಕೊಟ್ಟಳು. ಎಲ್ಲ ಲೋಟಗಳ ಎದುರೂ ಗುರುತು, ಒಂದರ ಎದುರು ಮಾತ್ರ 'ವಾಂತಿ, ಪುನಃ ಕುಡಿದೆ' ಎಂಬ ಬರಹ. ಡಾ. ಭಟ್ ಅದನ್ನು ಎರಡು ಸಲ ಓದಿ ಅವಳ ಫೈಲಿಗೆ ಸೇರಿಸಿದರು.

ಎಂಟು ಗಂಟೆ ಐದು ನಿಮಿಷಕ್ಕೆ ಅರಿವಳಿಕೆ. ಕರುಳು ತೊಳೆದ ಹಾಗೆ ಸ್ವಚ್ಛವಾಗಿತ್ತು. ಹದಿನಾಲ್ಕನೇ ನಿಮಿಷಕ್ಕೆ ಬಾಗಿಲಿನ ಎದುರು ತಲುಪಿದೆವು. ಮೊದಲ ಪ್ರಯತ್ನದಲ್ಲಿ ಕೊಳವೆ ಜಾರಿತು. ಎರಡನೆಯದರಲ್ಲೂ ಜಾರಿತು. ಆಮ್ಲಜನಕ ಹೇಗಿದೆ ಎಂದು ಡಾ. ಶ್ಯಾಮಲಾ ಕೇಳಿದರು. ಚೆನ್ನಾಗಿದೆ, ಅವಸರ ಬೇಡ ಎಂದರು ಡಾ. ಭಟ್. ಹೊಟ್ಟೆಯನ್ನು ಹೊರಗಿನಿಂದ ಒತ್ತಿ ಹಿಡಿಯುವುದು ನನ್ನ ಕೆಲಸ. ಎಲ್ಲಿ ಒತ್ತಿದರೆ ಕೊಳವೆ ಬಾಗುವುದು ನಿಲ್ಲುತ್ತದೆ ಎಂಬುದನ್ನು ಅಂಗೈ ಹೇಳಬೇಕು. ಮೂರನೆಯದೂ ಆಗಲಿಲ್ಲ. ಹಳೆಯ ಸರ್ಜನ್ ಆಗಿದ್ದರೆ ಅಷ್ಟರಲ್ಲಿ ಗಡಿಯಾರ ನೋಡುತ್ತಿದ್ದರು. ಡಾ. ಶ್ಯಾಮಲಾ ಕೊಳವೆಯನ್ನು ಸ್ವಲ್ಪ ಹಿಂದೆ ತಂದು, ಗಾಳಿ ಹೀರಿ ತೆಗೆದು, "ನಿಮ್ಮ ಕೈ ಎರಡು ಬೆರಳು ಕೆಳಗೆ ಬರ್ಲಿ," ಎಂದರು. ಕೈ ಸರಿಸಿದೆ. ಬಾಗಿಲು ತೆರೆಯಿತು.

ಪರದೆಯ ಮೇಲೆ ಹುಣ್ಣುಗಳು ಕಂಡವು. ಸಾಲಾಗಿ, ಬಿಳಿಯ ತಳ, ಸುತ್ತ ಕೆಂಪು. ಫ್ಲೇವಿಯಾ ಶಿಲುಬೆಯ ಗುರುತು ಹಾಕಿಕೊಂಡಳು. ನಾನು ಚಿತ್ರ ನಿಲ್ಲಿಸಿ ಫೋಟೊ ತೆಗೆದೆ. "ಇನ್ನೊಂದು," ಎಂದರು ಡಾ. ಶ್ಯಾಮಲಾ. ಇನ್ನೊಂದು ತೆಗೆದೆ. ಆಮೇಲೆ ಸಣ್ಣ ಇಕ್ಕಳದಿಂದ ಒಂದೊಂದು ಜಾಗದ ತುಣುಕು. ಫ್ಲೇವಿಯಾ ಬಾಟಲಿಯ ಸಂಖ್ಯೆ ಹೇಳುವಳು, ನಾನು ಜಾಗದ ಹೆಸರು ಹೇಳುವೆನು, ಇಬ್ಬರದ್ದೂ ಹೊಂದಿದ ಮೇಲೆ ಅವಳು ಬಾಟಲಿಗೆ ಚೀಟಿ ಅಂಟಿಸುವಳು. ಎಂಟು ಐವತ್ತಕ್ಕೆ ಮುಗಿಯಿತು. ಹಿಂದಿನ ಸಲಕ್ಕಿಂತ ಬಹಳ ಹೆಚ್ಚು ಹೊತ್ತು. ವರದಿಯ ಒಂದೊಂದು ಸಾಲನ್ನೂ ಫೋಟೊ ನೋಡಿಕೊಂಡು ಡಾ. ಶ್ಯಾಮಲಾ ಹೇಳಿದರು, ನಾನು ಟೈಪ್ ಮಾಡಿದೆ.

ಹತ್ತು ಗಂಟೆಗೆ ಡಾ. ಶ್ಯಾಮಲಾ ಹಮೀದ್ ಮತ್ತು ಝೊಹರಾ ಅವರನ್ನು ಕರೆಸಿ ಫೋಟೊ ತೋರಿಸಿದರು. ಇದು ಕರುಳಿನ ಕ್ಷಯ ಇರಬಹುದು, ಬೇರೆ ಬಗೆಯ ಉರಿಯೂತ ಇರಬಹುದು, ಯಾವುದೆಂದು ತುಣುಕಿನ ಪರೀಕ್ಷೆ ಹೇಳಬೇಕು, ಎರಡಕ್ಕೂ ಚಿಕಿತ್ಸೆ ಇದೆ ಎಂದರು. ಹಮೀದ್ ಫೋಟೊವನ್ನು ಹತ್ತಿರ ಹಿಡಿದು ನೋಡಿದರು. ಇಷ್ಟು ಇಟ್ಟುಕೊಂಡು ಅವಳು ಓಟದ ಸ್ಪರ್ಧೆಗೂ ನಿಂತಿದ್ದಳು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಹನ್ನೊಂದಕ್ಕೆ ರಿಫಾ ಪೂರ್ತಿ ಎಚ್ಚರವಾಗಿ ಎಳನೀರು ಕುಡಿದಳು. ನಾನು ಹೋಗಿ ಮಂಚದ ಪಕ್ಕದಲ್ಲಿ ನಿಂತೆ.

"ನೋಡಿದ್ರಾ?"

"ನೋಡಿದೆವು. ಹುಣ್ಣು ಉಂಟು. ನೋವಾಗುವಂಥದ್ದೇ. ನೀನು ಹೇಳಿದ್ದು ಸರಿ."

ಅವಳು ಹೊಟ್ಟೆಯ ಬಲಗಡೆ ಕೆಳಗೆ ಕೈಯಿಟ್ಟು ಇಲ್ಲಿಯಾ ಎಂದು ಕೇಳಿದಳು. ಅಲ್ಲಿಯೇ ಎಂದೆ. "ಟೀಚರ್ರಿಗೆ ಬರ್ದು ಕೊಡಿ," ಎಂದಳು.

ಅಂದು ಇನ್ನೂ ಮೂರು ಮಕ್ಕಳಿದ್ದರು. ಪೆರಾಬೆಯ ಒಂದು ಮಗುವಿಗೆ ಅರಿವಳಿಕೆಯ ನಂತರ ವಾಂತಿಯಾಗಿ ಎಲ್ಲರ ಊಟವೂ ತಡವಾಯಿತು. ನಾಲ್ಕು ಗಂಟೆಗೆ ಕೊಳವೆಗಳಲ್ಲಿ ಸೋರಿಕೆ ಇದೆಯೇ ಎಂದು ನೋಡಿ, ಎಲ್ಲವನ್ನೂ ತೊಳೆದು, ಒಣಗಲು ತೂಗುಹಾಕಿದೆ. ನಂತರ ಶಾಲೆಗೆ ಕೊಡುವ ಪತ್ರಕ್ಕೆ ಕುಳಿತೆ. ಶಾಲೆಗೆ ಹೀಗೆ ಬರೆಯುವ ಪದ್ಧತಿ ಇಲ್ಲ ಎಂದರು ಆಡಳಿತಾಧಿಕಾರಿ. ನಮೂನೆಯೂ ಇರಲಿಲ್ಲ. ಖಾಲಿ ಹಾಳೆಯಲ್ಲಿ ಮೂರು ವಾಕ್ಯ ಟೈಪ್ ಮಾಡಿದೆ. ಈ ವಿದ್ಯಾರ್ಥಿನಿಯ ಕರುಳಿನಲ್ಲಿ ಹುಣ್ಣುಗಳಿರುವುದು ಇಂದಿನ ತಪಾಸಣೆಯಲ್ಲಿ ಕಂಡುಬಂದಿದೆ. ಫೆಬ್ರವರಿಯ ವರದಿಯಲ್ಲಿ ಆ ಭಾಗ ನಾರ್ಮಲ್ ಎಂದು ಬರೆದದ್ದು ನಮ್ಮ ತಪ್ಪು. ಅವಳಿಗೆ ನೋವು ಬಂದಾಗ ವಿಶ್ರಾಂತಿಗೆ ಅವಕಾಶ ಕೊಡಬೇಕಾಗಿ ವಿನಂತಿ.

ಹಾಸಿಗೆಯ ಬಳಿ ಹೋಗಿ ಓದಿ ಹೇಳಿದೆ. ಮರುದಿನ ಮನೆಗೆ ಹೋಗಬಹುದು ಎಂಬ ಖುಷಿಯಲ್ಲಿದ್ದ ಝೊಹರಾ ಚೆನ್ನಾಗಿದೆ ಎಂದರು. ರಿಫಾ ಒಪ್ಪಲಿಲ್ಲ.

"ಇವಳು ಸುಳ್ಳು ಹೇಳಿದ್ದಲ್ಲ ಅಂತ ಹಾಕಿ. ಅದೇ ಇಲ್ಲ ಅದ್ರಲ್ಲಿ."

ಮರಳಿ ಹೋಗಿ ನಾಲ್ಕನೇ ವಾಕ್ಯವಾಗಿ ಅದನ್ನೂ ಸೇರಿಸಿದೆ. ಮಂಗಳೂರಿಗೆ ಹೊರಟು ಚೀಲ ಹೆಗಲಿಗೆ ಹಾಕಿದ್ದ ಡಾ. ಶ್ಯಾಮಲಾ ಚೀಲ ಇಳಿಸಿ, ಕುಳಿತು, ಮೇಲಿನಿಂದ ಕೆಳಗಿನವರೆಗೆ ಓದಿದರು. ನಂತರ ಸಹಿ ಹಾಕಿದರು. ನಾನು ಮೊಹರು ಒತ್ತಿ ಪತ್ರವನ್ನು ರಿಫಾಳ ಕೈಗೇ ಕೊಟ್ಟೆ. ಆಗ ಗಂಟೆ ಐದು ಹತ್ತು.